ಹುಳುಗಳ ಋಣ

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ಹಿಂಜರಿದೆವು. ಕದಂಬರು, ಚಾಲುಕ್ಯರು, ವಿಜಯನಗರದ ಅರಸರು, ಇವರನ್ನು ಕುರಿತು ಬರೆಯಬಲ್ಲವರು ನಮ್ಮ ಸಂಘದಲ್ಲಿಯೇ ಉಂಟು. ನಾವೋ ಬ್ಯಾಂಕಿನ ಗುಮಾಸ್ತರು. ವಾಣಿಜ್ಯಶಾಸ್ತ್ರ ಓದಿ, ಜಮೆ ಖರ್ಚು ನೋಡಿಕೊಂಡು ಕಾಲ ಕಳೆಯುವವರು. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನಮ್ಮನ್ನು ಒಂದು ವಿಚಿತ್ರವಾದ ಚರಿತ್ರೆಯ ಬೆನ್ನು ಹತ್ತಿಸಿತು. ಅದು ಅರಸರ ಚರಿತ್ರೆಯಲ್ಲ, ಹುಳುಗಳ ಚರಿತ್ರೆ. ಬಂಧುಗಳು ನಗದೆ ಓದಬೇಕೆಂದು ಬೇಡಿಕೊಳ್ಳುತ್ತೇವೆ.

ಕಳೆದ ಶ್ರಾವಣದಲ್ಲಿ ತಳೇಗಾಂವ ದಾಭಾಡೆಯ ನಮ್ಮ ಬಾಡಿಗೆಯ ಮನೆಯಲ್ಲಿ ಮಗಳು ಹುಟ್ಟಿದ ಸಂಭ್ರಮ. ಸುದ್ದಿ ತಿಳಿದೊಡನೆ ನಮ್ಮ ತಾಯಿಯವರು ಶಿರಸಿಯ ಕಡೆಯ ನಮ್ಮ ಊರಿನಿಂದ ಹೊರಟು, ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಲೋಕಲ್ ಗಾಡಿ ಹಿಡಿದು ಬಂದಿಳಿದರು. ಅವರ ಗಂಟಿನಲ್ಲಿ ಬಾಣಂತಿಗೆ ಬೇಕಾದ ಸಾಮಾನುಗಳೆಲ್ಲ ಇದ್ದವು. ಅವುಗಳ ನಡುವೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಸಣ್ಣ ಸೀಸೆ. ಮುಚ್ಚಳದ ಸುತ್ತ ಜೇನುಮೇಣ ಮೆತ್ತಿತ್ತು. ಒಳಗಿದ್ದುದು ಮಿಸರಿ ಜೇನಿನ ತುಪ್ಪ. ಕಚ್ಚಲಾರದ ಆ ಪುಟ್ಟ ನೊಣಗಳು ಗೋಡೆಯ ಬಿರುಕಿನಲ್ಲಿಯೋ ಮರದ ಪೊಟರೆಯಲ್ಲಿಯೋ ಕೂಡಿಡುವ ತುಪ್ಪವನ್ನು ನಮ್ಮ ಕಡೆಯವರು ಮದ್ದೆಂದೇ ಎತ್ತಿಡುತ್ತಾರೆ. ಚಿನ್ನದ ಉಂಗುರವನ್ನು ಅದರಲ್ಲಿ ಅದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಬೇಕೆಂಬುದು ತಾಯಿಯವರ ಆಸೆ.

ಆ ಹೊತ್ತಿಗೆ ಕೂಸನ್ನು ನೋಡಲು ಬಂದಿದ್ದ ಡಾಕ್ಟರು ಬಾಯಿ ಸೀಸೆಯನ್ನು ಕಂಡು ಕೈ ಅಡ್ಡ ಹಿಡಿದರು. "ಆಜೀ, ವರುಷ ತುಂಬುವವರೆಗೆ ಮಧ ಬೇಡ" ಎಂದರು. ಮರಾಠಿಯ ಮಧವೆಂದರೆ ಏನೆಂದು ತಾಯಿಯವರಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಡಾಕ್ಟರು ಹೋದ ಮೇಲೆ ಅವರು ನಮ್ಮ ಮುಖ ನೋಡಿ, "ನಿನಗೂ ನೆಕ್ಕಿಸಿದ್ದೆ, ನಿನ್ನ ಅಪ್ಪಯ್ಯನಿಗೂ ನೆಕ್ಕಿಸಿದ್ದರು. ಏನಾಯಿತು? ಜೇನು ಮದ್ದು ಹೌದೋ ಅಲ್ಲವೋ? ಅಷ್ಟು ಹೇಳು" ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದದ್ದರ ಫಲವೇ ಈ ಲೇಖನ.

ಹುಡುಕಹೊರಟಾಗ ನಮಗೆ ಮೊದಲು ತಿಳಿದುಬಂದ ಸಂಗತಿಯೆಂದರೆ ಈ ಪ್ರಶ್ನೆ ನಮ್ಮ ಮನೆಯದು ಮಾತ್ರವಲ್ಲ, ಬಲು ಹಳೆಯದು. ಅಥರ್ವವೇದದ 5ನೆಯ ಕಾಂಡದಲ್ಲಿ ಲಾಕ್ಷೆಯನ್ನು, ಎಂದರೆ ಅರಗನ್ನು, ಕುರಿತ ಒಂದು ಸೂಕ್ತವಿದೆ. ಅಲ್ಲಿ ಅದನ್ನು ಗಾಯ ಮಾಯಿಸುವ ಔಷಧವೆಂದು ಕರೆದಿದ್ದಾರೆ. ಅರಗು ಒಂದು ಬಗೆಯ ಹುಳು ಸುರಿಸುವ ಅಂಟು. ಸುಶ್ರುತಸಂಹಿತೆಯಲ್ಲಿ ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕ, ಛಾತ್ರ, ಆರ್ಘ್ಯ, ಔದ್ದಾಲಕ, ದಾಲ ಎಂದು ಎಂಟು ಬಗೆಯ ಜೇನನ್ನು ಹೆಸರಿಸಿ, ಪ್ರತಿಯೊಂದರ ಗುಣವನ್ನು ಬೇರೆಬೇರೆಯಾಗಿ ಹೇಳಿದ್ದಾರೆ. ಅದಕ್ಕಿಂತಲೂ ಬೆರಗಿನ ಮಾತೊಂದು ಅದರಲ್ಲಿದೆ. ಕರುಳು ಹರಿದಾಗ ಅದರ ಎರಡು ಅಂಚುಗಳನ್ನು ಸೇರಿಸಿ ಹಿಡಿದು, ದೊಡ್ಡ ಕರಿಯ ಇರುವೆಗಳಿಂದ ಕಚ್ಚಿಸಿ, ಕಚ್ಚಿದೊಡನೆ ಇರುವೆಯ ಮೈಯನ್ನು ಕತ್ತರಿಸಿ ತಲೆಯನ್ನು ಮಾತ್ರ ಅಲ್ಲಿಯೇ ಬಿಡಬೇಕು ಎಂಬ ವಿಧಿ ಅದು. ಇರುವೆಯ ದವಡೆಯೇ ಹೊಲಿಗೆ! ಇಂದಿನ ಶಸ್ತ್ರವೈದ್ಯರು ಲೋಹದ ಪಿನ್ನುಗಳಿಂದ ಗಾಯವನ್ನು ಕೂಡಿಸುವುದನ್ನು ಕಂಡವರಿಗೆ ಇದರ ಜಾಣತನ ತಿಳಿದೀತು.

ಇದೆಲ್ಲ ಸಂಸ್ಕೃತ ಗ್ರಂಥಗಳ ಮಾತಾಯಿತು. ನಮ್ಮ ಕನ್ನಡದಲ್ಲಿ ಏನುಂಟು ಎಂದು ನೋಡಿದರೆ ಅಲ್ಲಿ ಇನ್ನೊಂದು ದನಿ ಕೇಳುತ್ತದೆ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ಬರೆದನು. ಪೂಜ್ಯಪಾದರ ಗ್ರಂಥವನ್ನು ಅನುಸರಿಸಿದ ಈ ಕೃತಿಯ ಚಿಕಿತ್ಸೆಯೆಲ್ಲ ಸಸ್ಯಗಳಿಂದಲೇ; ಮದ್ಯಕ್ಕೂ ಅಲ್ಲಿ ಎಡೆಯಿಲ್ಲ. ಮದ್ಯ, ಮಾಂಸ, ಮಧು ಈ ಮೂರನ್ನು ಬಿಡಬೇಕೆಂಬುದು ಜೈನ ಶ್ರಾವಕರ ನಿಯಮ. ಮಧುವನ್ನು ಬಿಡಬೇಕೇಕೆ? ಹಿಂದಿನ ಕಾಲದಲ್ಲಿ ಹುಟ್ಟನ್ನು ಹೊಗೆ ಹಾಕಿ ಕಿತ್ತು, ಮರಿಹುಳುಗಳ ಸಮೇತ ಹಿಂಡಿ ತುಪ್ಪ ತೆಗೆಯುತ್ತಿದ್ದರು. ಒಂದು ಹನಿ ಮದ್ದಿಗಾಗಿ ಸಾವಿರ ಜೀವ ಹೋಗುವುದಾದರೆ ಅದು ಮದ್ದೇ ಎಂಬುದು ಅವರ ಪ್ರಶ್ನೆ. ಬಂಧುಗಳು ಇದನ್ನು ಒಪ್ಪಬಹುದು, ಬಿಡಬಹುದು. ಆದರೆ ಹುಳುವಿನಿಂದ ಪಡೆದದ್ದಕ್ಕೆ ಹುಳು ತೆತ್ತ ಬೆಲೆಯೇನು ಎಂಬ ಲೆಕ್ಕವನ್ನು ಕನ್ನಡ ನಾಡಿನಲ್ಲಿ ಅಷ್ಟು ಹಿಂದೆಯೇ ತೆಗೆದವರಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿಯೆನಿಸಿತು.

ಆ ಪ್ರಶ್ನೆಗೆ ಉತ್ತರದಂತೆ ಬಂದದ್ದು ಜೇನುಪೆಟ್ಟಿಗೆ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ತಿರುಚಿನಾಪಳ್ಳಿಯ ಸೀಮೆಯಲ್ಲಿ ನ್ಯೂಟನ್ ಎಂಬ ಪಾದ್ರಿಗಳು ನಮ್ಮ ದೇಶದ ತುಡುವೆ ಜೇನಿನ ಮೈಯಳತೆಗೆ ಒಪ್ಪುವ ಪೆಟ್ಟಿಗೆಯೊಂದನ್ನು ರಚಿಸಿ, ಹಳ್ಳಿಗರಿಗೆ ಜೇನು ಸಾಕುವುದನ್ನು ಕಲಿಸಿದರು. ಪೆಟ್ಟಿಗೆಯೊಳಗಿನ ಚೌಕಟ್ಟನ್ನು ಹೊರತೆಗೆದು, ಯಂತ್ರದಲ್ಲಿಟ್ಟು ತಿರುಗಿಸಿದರೆ ತುಪ್ಪ ಸಿಡಿದು ಹೊರಬರುತ್ತದೆ. ಎರಿಯೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ. ಈ ಕಸುಬು 1925ರಲ್ಲಿ ಮೈಸೂರು ಸಂಸ್ಥಾನಕ್ಕೂ 1934ರಲ್ಲಿ ಕೊಡಗಿಗೂ ಬಂದಿತು. ಕಾಫಿಯ ತೋಟ, ಏಲಕ್ಕಿಯ ಮಲೆ, ಹೂಬಿಡುವ ಕಾಡುಮರಗಳು ಇರುವ ಕೊಡಗಿನಲ್ಲಿ ಅದು ಬೇರೂರಿತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘದ ಹೆಸರು ದೇಶವೆಲ್ಲ ಹರಡಿತು. ಕೊಡಗಿನ ಜೇನೆಂದರೆ ಔಷಧದ ಅಂಗಡಿಯವರೂ ನಂಬುವ ಸರಕಾಯಿತು.

ಆದರೆ 1991-92ರ ಸುಮಾರಿಗೆ ಒಂದು ದೊಡ್ಡ ವಿಪತ್ತು ಬಂದೊದಗಿತು. 'ಥಾಯ್ ಸ್ಯಾಕ್‌ಬ್ರೂಡ್' ಎಂಬ ವೈರಾಣು ರೋಗವು ಕೇರಳ, ಕರ್ನಾಟಕಗಳ ತುಡುವೆ ಜೇನಿಗೆ ಹತ್ತಿಕೊಂಡಿತು. ಈ ರೋಗ ಬಡಿದ ಮರಿಹುಳು ಕೋಶವಾಗಲಾರದೆ, ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ನೂರಕ್ಕೆ 90ರಷ್ಟು ಕುಟುಂಬಗಳು ಅಳಿದುಹೋದುವೆಂದು ಬಲ್ಲವರು ಬರೆದಿದ್ದಾರೆ. ನಾವು ಆಗ ಇನ್ನೂ ಹುಟ್ಟಿರಲಿಲ್ಲವೋ ತೊಟ್ಟಿಲಲ್ಲಿದ್ದೆವೋ. ಆದರೆ ಊರಿನ ಮನೆಯ ಹಿತ್ತಿಲಲ್ಲಿ ಬರಿದಾದ ನಾಲ್ಕು ಪೆಟ್ಟಿಗೆಗಳು ಬಹುಕಾಲ ಬಿದ್ದುಕೊಂಡಿದ್ದುದನ್ನು ಕಂಡಿದ್ದೇವೆ. ಅವುಗಳೊಳಗೆ ಕೋಳಿ ಮೊಟ್ಟೆಯಿಡುತ್ತಿತ್ತು. ಉಳಿದ ಕೆಲವೇ ಕುಟುಂಬಗಳಿಂದ ವರುಷಗಳ ಮೇಲೆ ಜೇನು ಮತ್ತೆ ಚೇತರಿಸಿಕೊಂಡಿತು.

ಇಷ್ಟಾಯಿತು ಜೇನಿನ ಕಥೆ. ಇನ್ನು ನಮ್ಮ ತಾಯಿಯವರ ಪ್ರಶ್ನೆಗೆ ಬರೋಣ: ಜೇನು ಮದ್ದು ಹೌದೋ ಅಲ್ಲವೋ? ಇದಕ್ಕೆ ಉತ್ತರ ನಮಗೆ ದೂರದ ದೇಶದಿಂದ ಬರಲಿಲ್ಲ. ನಮ್ಮ ಬಂಧುಗಳಲ್ಲಿ ಅನೇಕರು ಊರಿಗೆ ಹೋಗುವಾಗ ದಾಟಿಹೋಗುವ ಸೊಲ್ಲಾಪುರದಿಂದಲೇ ಬಂದಿತು. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳುವ ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರವೈದ್ಯರಿದ್ದರು. ಮೇಲ್ಪದರ ಸುಟ್ಟ ಗಾಯಗಳಿಗೆ ಜೇನು ಸವರುವ ಹಳೆಯ ರೂಢಿಯನ್ನು ಅವರು ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ, ಪರೀಕ್ಷೆಗೆ ಒಡ್ಡಿದರು. ಸುಟ್ಟ ಗಾಯದ 104 ಜನ ರೋಗಿಗಳಲ್ಲಿ 52 ಜನರಿಗೆ ಶುದ್ಧ ಜೇನನ್ನೂ, ಉಳಿದ 52 ಜನರಿಗೆ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿದ್ದ ಬೆಳ್ಳಿಯ ಲವಣದ ಮುಲಾಮನ್ನೂ ಬಳಸಿ ಕಟ್ಟು ಕಟ್ಟಿದರು. ಜೇನು ಹಚ್ಚಿದವರಲ್ಲಿ ನೂರಕ್ಕೆ 91ರ ಗಾಯಗಳು ಏಳು ದಿನಗಳಲ್ಲಿ ರೋಗಾಣುವಿಲ್ಲದೆ ಶುದ್ಧವಾದುವು. ಮುಲಾಮಿನವರಲ್ಲಿ ಹಾಗಾದುದು ನೂರಕ್ಕೆ 7 ಮಾತ್ರ. ಹದಿನೈದು ದಿನಗಳಲ್ಲಿ ಗಾಯ ಮಾಯ್ದವರು ಜೇನಿನ ಗುಂಪಿನಲ್ಲಿ ನೂರಕ್ಕೆ 87, ಇನ್ನೊಂದರಲ್ಲಿ 10. ಈ ಫಲಿತಾಂಶವು 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಅತ್ತ ಕೊಡಗಿನಲ್ಲಿ ಜೇನು ಸಾಯತೊಡಗಿದ ಹೊತ್ತಿಗೇ ಇತ್ತ ಸೊಲ್ಲಾಪುರದಲ್ಲಿ ಜೇನಿನ ಬೆಲೆ ಸಾಬೀತಾಗತೊಡಗಿತ್ತು!

ಜೇನಿಗೆ ಈ ಶಕ್ತಿ ಎಲ್ಲಿಂದ ಬಂದಿತು? ಜೇನಿನಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ. ಆದುದರಿಂದ ಅದು ರೋಗಾಣುವಿನ ಮೈಯೊಳಗಿನ ನೀರನ್ನೇ ಹೀರಿ ಅದನ್ನು ಒಣಗಿಸುತ್ತದೆ. ಅದರ ಹುಳಿಗುಣವೂ ರೋಗಾಣುವಿಗೆ ಹಿಡಿಸದು. ಮೂರನೆಯ ಕಾರಣವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ನೊಣವು ಹೂವಿನ ರಸವನ್ನು ತುಪ್ಪ ಮಾಡುವಾಗ ತನ್ನ ಗ್ರಂಥಿಯಿಂದ ಒಂದು ಕಿಣ್ವವನ್ನು ಅದಕ್ಕೆ ಬೆರೆಸುತ್ತದೆ. ಜೇನಿಗೆ ಗಾಯದ ತೇವ ತಗುಲಿದಾಗ ಈ ಕಿಣ್ವವು ಎಚ್ಚತ್ತು, ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಗಾಯ ತೊಳೆಯಲು ದವಾಖಾನೆಯಲ್ಲಿ ಬಳಸುವ, ಬುರುಗೇಳುವ ನೀರಿನಲ್ಲಿರುವುದೂ ಈ ವಸ್ತುವೇ. ಹೂವಿನ ರಸದಲ್ಲಿ ಇಲ್ಲದ ಈ ಗುಣವು ನೊಣದ ಮೈಯಿಂದ ಬಂದ ಕೊಡುಗೆ.

ಒಂದೇ ಊರಿನ ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂದು ಶಾಸ್ತ್ರಜ್ಞರು ಎಚ್ಚರಿಸಿದ್ದುಂಟು. ಹೀಗಾಗಿ ಕಾಕ್ರೇನ್ ಎಂಬ ಸಂಸ್ಥೆಯವರು ಜಗತ್ತಿನ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ತೂಗಿ ನೋಡಿದರು. ಆಳವಲ್ಲದ ಸುಟ್ಟ ಗಾಯಗಳು ವಾಡಿಕೆಯ ಕಟ್ಟುಗಳಿಗಿಂತ ಜೇನಿನ ಕಟ್ಟಿನಲ್ಲಿ ನಾಲ್ಕೈದು ದಿನ ಮೊದಲೇ ಮಾಯುತ್ತವೆ ಎಂಬುದನ್ನು ಅವರು ಒಪ್ಪಿದರು. ಬೇರೆ ಎಷ್ಟೋ ಬಗೆಯ ಗಾಯಗಳಿಗೆ ಸಾಕಷ್ಟು ಆಧಾರವಿಲ್ಲವೆಂದೂ ಹೇಳಿದರು. ಸೊಲ್ಲಾಪುರದಷ್ಟು ದೊಡ್ಡ ಅಂತರ ಎಲ್ಲೆಡೆಯೂ ಕಾಣಲಿಲ್ಲವಾದರೂ ಮೂಲದ ಮಾತು ನಿಂತಿತು. ಇನ್ನೊಂದು ಮಾತು: ಆಸ್ಪತ್ರೆಗಳು ಗಾಯಕ್ಕೆ ಬಳಸುವ ಜೇನನ್ನು ಕಿರಣಗಳಿಂದ ಶುದ್ಧಿಮಾಡಿರುತ್ತಾರೆ. ಅಡಿಗೆಮನೆಯ ಸೀಸೆಯ ಜೇನನ್ನು ಗಾಯಕ್ಕೆ ಸುರಿಯುವುದು ಸಲ್ಲದು.

ಹಾಗಾದರೆ ಡಾಕ್ಟರು ಬಾಯಿ ಬೇಡವೆಂದದ್ದೇಕೆ? ಇದರ ಚರಿತ್ರೆ ಇತ್ತೀಚಿನದು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಳೆಯ ಕೂಸುಗಳಿಗೆ ಬರುವ ಒಂದು ಬಗೆಯ ಪಾರ್ಶ್ವವಾಯುವನ್ನು ವೈದ್ಯರು ಗುರುತಿಸಿದರು. ಬೊಟುಲಿನಮ್ ಎಂಬ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಧೂಳಿನಲ್ಲಿ, ಕೆಲವು ವೇಳೆ ಜೇನಿನಲ್ಲಿಯೂ ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವಕ್ಕೆ ಮೊಳೆಯಲು ಎಡೆಯಿಲ್ಲ. ವರುಷ ತುಂಬದ ಕೂಸಿನ ಕರುಳು ಇನ್ನೂ ಪಳಗಿರುವುದಿಲ್ಲವಾದುದರಿಂದ ಅಲ್ಲಿ ಅವು ಮೊಳೆತು ವಿಷವನ್ನು ಬಿಡಬಲ್ಲವು. ಮೊದಲು ಮಲಬದ್ಧತೆ, ಆಮೇಲೆ ಕೂಸಿನ ಅಳು ಕ್ಷೀಣಿಸುತ್ತದೆ, ಹಾಲು ಹೀರುವ ಶಕ್ತಿ ಕುಂದುತ್ತದೆ, ಕತ್ತು ನಿಲ್ಲುವುದಿಲ್ಲ. ಕಾಯಿಸಿದರೆ ದೋಷ ಹೋಗುವುದೆಂದು ಯಾರಾದರೂ ಎಂದಾರು. ಮನೆಯ ಒಲೆಯ ಕಾವಿಗೆ ಈ ಬೀಜಕಗಳು ಸಾಯುವುದಿಲ್ಲ. ಜೇನನ್ನು ಕಾಯಿಸಬಾರದೆಂದು ಆಯುರ್ವೇದವೂ ಹೇಳುತ್ತದೆ.

ಇದನ್ನೆಲ್ಲ ಒಂದು ಸಂಜೆ ನಾವು ತಾಯಿಯವರಿಗೆ ಓದಿ ಹೇಳಿದೆವು. ಈ ರೋಗ ಬಲು ಅಪರೂಪವೆಂದೂ, ಸಾವಿರಾರು ಕೂಸುಗಳು ಜೇನು ನೆಕ್ಕಿ ಸುಖವಾಗಿ ಬೆಳೆದಿವೆಯೆಂದೂ ಹೇಳಿದೆವು. ಅಳು ಕ್ಷೀಣಿಸುವ ಮಾತು ಬಂದಾಗ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತರು. ನಮಗಿಂತ ಮೊದಲು ಅವರಿಗೊಂದು ಗಂಡುಕೂಸು ಹುಟ್ಟಿ ಎರಡು ತಿಂಗಳಲ್ಲಿಯೇ ತೀರಿಕೊಂಡಿತ್ತು. ಅದನ್ನು ದೃಷ್ಟಿಯೆಂದವರುಂಟು, ಬಾಲಗ್ರಹವೆಂದವರುಂಟು. ಕಾರಣ ಜೇನೇ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ತಾಯಿಯವರೂ ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಎದ್ದು ಸೀಸೆಯನ್ನು ಕಪಾಟಿನ ಮೇಲಿನ ಖಾನೆಗೆ ಇಟ್ಟರು. "ಏನಾಯಿತು?" ಎಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಬದುಕಿ ಉಳಿದವರು ಮಾತ್ರ ಆ ಪ್ರಶ್ನೆಗೆ ಸಾಕ್ಷಿ ನಿಲ್ಲುತ್ತಾರೆ. ಉಳಿಯದವರ ಲೆಕ್ಕವನ್ನು ಯಾರೂ ಬರೆದಿಟ್ಟಿರುವುದಿಲ್ಲ ಎಂದು ನಮಗೆ ಅಂದು ಹೊಳೆಯಿತು.

ಜೇನು ಒಂದರಿಂದಲೇ ಈ ಚರಿತ್ರೆ ಮುಗಿಯುವುದಿಲ್ಲ. ಬ್ಯಾಂಕಿನಲ್ಲಿ ನಮ್ಮ ಮೇಜಿನ ಖಾನೆಯಲ್ಲಿ ಒಂದು ಅರಗಿನ ಕಡ್ಡಿ ಇರುತ್ತದೆ. ತಿಜೋರಿಯ ನಕಲು ಬೀಗದ ಕೈಗಳನ್ನು ಇನ್ನೊಂದು ಶಾಖೆಗೆ ಕಳುಹಿಸುವಾಗ ಪೊಟ್ಟಣಕ್ಕೆ ಮೊಹರು ಒತ್ತುವುದು ಅದರಿಂದಲೇ. ಪಾಂಡವರ ಅರಗಿನ ಮನೆಯಿಂದ ಹಿಡಿದು ಚನ್ನಪಟ್ಟಣದ ಬೊಂಬೆಗಳ ಬಣ್ಣದವರೆಗೆ ನಾವು ಬಲ್ಲ ಅರಗು ಒಂದು ಸಣ್ಣ ಕೆಂಪು ಹುಳುವಿನ ಕೃತಿ. ಹೆಣ್ಣು ಹುಳು ಎಳೆಯ ಕೊಂಬೆಗೆ ಸೊಂಡಿಲು ಚುಚ್ಚಿ ಕುಳಿತರೆ ಮತ್ತೆ ಏಳುವುದಿಲ್ಲ. ಕಾಲುಗಳನ್ನೂ ಕಳೆದುಕೊಂಡು, ತನ್ನ ಸುತ್ತ ಅಂಟಿನ ಗೂಡು ಕಟ್ಟಿಕೊಂಡು ಅಲ್ಲಿಯೇ ಮರಿಗಳಿಗೆ ಜನ್ಮ ಕೊಟ್ಟು ಸಾಯುತ್ತದೆ. ಇಂಥ ಲಕ್ಷಗಟ್ಟಲೆ ಹುಳುಗಳ ದುಡಿಮೆ ಸೇರಿದರೆ ಒಂದು ಕಿಲೊ ಅರಗು.

ಹಳೆಯ ಮೈಸೂರಿನ ಸೀಮೆಯಲ್ಲಿ ಅರಗಿನ ಹುಳು ಜಾಲಾರಿ ಮರವನ್ನು ಆಶ್ರಯಿಸುತ್ತದೆ. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ, ಎಸ್. ಮಹ್ದಿಹಸನ್ ಮೊದಲಾದವರು ಈ ಹುಳುವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. ಇದರ ಒಂದು ಜಾತಿಗೆ ಮಹ್ದಿಹಸನ್ ಅವರು ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಅರಗಿಗಾಗಿಯೇ ಒಂದು ಸಂಶೋಧನಾಲಯ ಹುಟ್ಟಿತು. ಮುಂದೆ 1960ರ ದಶಕದಲ್ಲಿ ನಮ್ಮ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲಿ ಸುಖದೇವ್ ಮತ್ತು ಅವರ ಸಂಗಡಿಗರು ಅರಗಿನ ಅಂಟನ್ನು ಬಿಡಿಸಿ ನೋಡಿ, ಅದರೊಳಗಿನ ಆಮ್ಲಗಳ ರಚನೆಯನ್ನು ಕಂಡುಹಿಡಿದರು. ಅವುಗಳಲ್ಲಿ ಒಂದರ ಹೆಸರು ಜಲಾರಿಕ್ ಆಮ್ಲ. ಆ ಹೆಸರನ್ನು ಓದಿದಾಗ ಕನ್ನಡಿಗರಾದ ನಮಗೆ ಜಾಲಾರಿ ಮರದ ನೆನಪಾಗದೆ ಇರಲಿಲ್ಲ.

ಇದರಿಂದ ರೋಗಿಗೆ ಏನು ಪ್ರಯೋಜನ? ಕೆಲವು ಔಷಧಗಳು ಜಠರದ ಹುಳಿಗೆ ಸಿಕ್ಕಿದರೆ ಕೆಡುತ್ತವೆ. ಕೆಲವು ಜಠರವನ್ನೇ ಕೆಡಿಸುತ್ತವೆ. ಶುದ್ಧಿಮಾಡಿದ ಅರಗು ಹುಳಿಯಲ್ಲಿ ಕರಗುವುದಿಲ್ಲ, ಕರುಳಿನ ಕ್ಷಾರಗುಣದಲ್ಲಿ ಕರಗುತ್ತದೆ. ಆದುದರಿಂದ ಅಂಥ ಗುಳಿಗೆಗೆ ಅರಗಿನ ತೆಳುವಾದ ಅಂಗಿ ತೊಡಿಸಿದರೆ ಅದು ಜಠರವನ್ನು ದಾಟಿ, ಹೋಗಬೇಕಾದ ಸ್ಥಳಕ್ಕೆ ಹೋಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಪೊಟ್ಟಣದ ಮೊಹರಿನದೂ ಇದೇ ಕೆಲಸವಲ್ಲವೆ? ದಾರಿಯಲ್ಲಿ ಯಾರೂ ಒಡೆಯದಂತೆ ಕಾದು, ತಲುಪಬೇಕಾದವರ ಕೈಯಲ್ಲಿ ಮಾತ್ರ ತೆರೆಯುವುದು.

ಇನ್ನು ರೇಷ್ಮೆ. 18ನೆಯ ಶತಮಾನದ ಕೊನೆಯಲ್ಲಿ ಟೀಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಮೈಸೂರಿನಲ್ಲಿ ಹಿಪ್ಪುನೇರಳೆ ನೆಡಿಸಿದ್ದು, 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯುವ ಸರಕಾರಿ ಕಾರ್ಖಾನೆ ಆರಂಭವಾದದ್ದು ಎಲ್ಲರೂ ಬಲ್ಲ ಸಂಗತಿ. ಸೀರೆಯಷ್ಟೇ ಅಲ್ಲ, ಶಸ್ತ್ರವೈದ್ಯರ ಹೊಲಿಗೆಯ ದಾರವೂ ಬಹುಕಾಲ ರೇಷ್ಮೆಯದಾಗಿತ್ತು, ಇಂದಿಗೂ ಕೆಲವೆಡೆ ಬಳಕೆಯಲ್ಲಿದೆ. ಈಚೆಗೆ ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿಗಳನ್ನು ಮಾಡುವ ಉದ್ಯಮವೂ ಬೆಂಗಳೂರಿನಲ್ಲಿ ಹುಟ್ಟಿದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳುವನ್ನು ನಾವು ಕಸವೆಂದು ಎಣಿಸಿದ್ದೆವು. ಆದರೆ 1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೊಮನ್ ಮತ್ತು ಅವರ ಸಂಗಡಿಗರು ರೇಷ್ಮೆಪತಂಗದ ಬಳಗಕ್ಕೆ ಸೇರಿದ ಒಂದು ಕಾಡುಪತಂಗದ ಕೋಶದಲ್ಲಿ ರೋಗಾಣುಗಳನ್ನು ಕೊಲ್ಲುವ ಪುಟ್ಟ ಪ್ರೋಟೀನುಗಳನ್ನು ಕಂಡುಹಿಡಿದು ಅವಕ್ಕೆ ಸೆಕ್ರೋಪಿನ್ ಎಂದು ಹೆಸರಿಟ್ಟರು. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಹುಳುಗಳಿಗಿಲ್ಲ. ಆದರೂ ಕೊಳೆತ ಎಲೆ, ಕೆಸರು, ಗೊಬ್ಬರಗಳ ನಡುವೆ ಅವು ಕೋಟ್ಯಂತರ ವರುಷಗಳಿಂದ ಬಾಳಿಬಂದಿವೆ. ಹೇಗೆ ಎಂಬುದಕ್ಕೆ ಇದೊಂದು ಉತ್ತರ. ಹಳೆಯ ರೋಗನಿರೋಧಕ ಔಷಧಗಳಿಗೆ ರೋಗಾಣುಗಳು ಬಗ್ಗದೆ ಹೋಗುತ್ತಿರುವ ಈ ಕಾಲದಲ್ಲಿ ಇಂಥ ವಸ್ತುಗಳ ಕಡೆಗೆ ಶಾಸ್ತ್ರಜ್ಞರ ಕಣ್ಣು ಹೋಗಿದೆ. ಆದರೆ ಸಂಶೋಧನಾಲಯದಿಂದ ಔಷಧದ ಅಂಗಡಿಗೆ ಇರುವ ದಾರಿ ಬಲು ಉದ್ದ.

ಆ ದಾರಿಯಲ್ಲಿ ಎಡವಿದ ಉದಾಹರಣೆಯೂ ರೇಷ್ಮೆಹುಳುವಿನದೇ. ಅದರ ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯದಿಂದ ಜಪಾನಿನವರು 'ಸೆರಾಟಿಯೊಪೆಪ್ಟಿಡೇಸ್' ಎಂಬ ಕಿಣ್ವವನ್ನು ತಯಾರಿಸಿದರು. ಊತ ಇಳಿಸುವ ಗುಳಿಗೆಯೆಂದು ಅದು ನಮ್ಮ ದೇಶದಲ್ಲಿಯೂ ಧಾರಾಳವಾಗಿ ಮಾರಾಟವಾಯಿತು. ಹಲ್ಲು ಕೀಳಿಸಿಕೊಂಡಾಗ ನಾವೂ ನುಂಗಿದ್ದೇವೆ. ಆದರೆ ಮರಳಿ ಪರೀಕ್ಷಿಸಿದಾಗ ಬರಿಯ ಹುಸಿಗುಳಿಗೆಗಿಂತ ಹೆಚ್ಚಿನ ಫಲ ಕಾಣಲಿಲ್ಲವಾಗಿ, ಅದನ್ನು ಹುಟ್ಟಿಸಿದ ಜಪಾನಿನ ಕಂಪನಿಯೇ 2011ರಲ್ಲಿ ತನ್ನ ಗುಳಿಗೆಯನ್ನು ಅಲ್ಲಿನ ಪೇಟೆಯಿಂದ ಹಿಂತೆಗೆದುಕೊಂಡಿತು. ಜಮೆಯೆಂದು ಬರೆದುಕೊಂಡದ್ದನ್ನು ತಪ್ಪೆಂದು ತಿಳಿದ ಮೇಲೆ ಹೊಡೆದುಹಾಕುವುದಕ್ಕೆ ಧೈರ್ಯ ಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ತಿಳಿದ ಮಾತು.

ಮಲೆನಾಡಿನ ಕೆಂಪಿರುವೆಯ ಚಗಳಿ ಚಟ್ನಿಯನ್ನೂ ಇಲ್ಲಿ ನೆನೆಯಬೇಕು. ನೆಗಡಿ ಕೆಮ್ಮಿಗೆ ಅದು ಒಳ್ಳೆಯದೆಂದು ನಮ್ಮ ಕಡೆ ನಂಬಿಕೆ. ಒಡಿಶಾದ ಮಯೂರಭಂಜದ ಇಂಥದೇ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಆದರೆ ಆ ಮುದ್ರೆ ಊರಿನ ಹೆಸರಿಗೇ ಹೊರತು ಮದ್ದಿನ ಗುಣಕ್ಕಲ್ಲ ಎಂಬುದನ್ನು ಮರೆಯಲಾಗದು. ಚಗಳಿಗೂ ಒಬ್ಬ ಸೊಲ್ಲಾಪುರದ ಡಾಕ್ಟರು ಬೇಕಾಗಿದ್ದಾರೆ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ತೋರುವುದು ಇಷ್ಟು. ಹಿರಿಯರ ಮಾತೆಲ್ಲ ನಿಜವೂ ಅಲ್ಲ, ಸುಳ್ಳೂ ಅಲ್ಲ. ಒಂದೊಂದನ್ನೂ ಒರೆಗೆ ಹಚ್ಚಿ ನೋಡಬೇಕು. ಹಾಗೆ ನೋಡುವುದೇ ಹಿರಿಯರಿಗೆ ಸಲ್ಲಿಸುವ ಗೌರವ. ಆದರೆ ಒರೆಗೆ ಹಚ್ಚಲು ಚಿನ್ನವಾದರೂ ಉಳಿದಿರಬೇಕಲ್ಲ! ಕಾಡು ಕಡಿದು, ಹೊಲಕ್ಕೆ ವಿಷ ಸುರಿದು, ಹುಳುಗಳನ್ನು ಹೆಸರು ತಿಳಿಯುವ ಮೊದಲೇ ಕಳೆದುಕೊಂಡರೆ, ಅವುಗಳ ಮೈಯಲ್ಲಿ ಯಾವ ಮದ್ದಿತ್ತೆಂದು ಕೇಳುವುದು ಯಾರನ್ನು? 1991-92ರ ಬರಿದಾದ ಪೆಟ್ಟಿಗೆಗಳು ನಮಗೆ ಕಲಿಸಬೇಕಾದ ಪಾಠ ಇದೇ.

ಋಣ ತೀರಿಸುವುದು ಕಷ್ಟವೇನಲ್ಲ. ನಮ್ಮ ತಳೇಗಾಂವದಿಂದ ಲೋಕಲ್ ಹತ್ತಿ ಶಿವಾಜಿನಗರದಲ್ಲಿ ಇಳಿದರೆ, ಗಣೇಶಖಿಂಡ ರಸ್ತೆಯಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಆಸಕ್ತರು ಒಮ್ಮೆ ನೋಡಿಬರಬೇಕು. ಕಟ್ಟಡದ ಸಜ್ಜದಲ್ಲಿ ಹೆಜ್ಜೇನು ಕಟ್ಟಿದರೆ ಬೆಂಕಿ ಹಚ್ಚುವವರನ್ನು ಕರೆಯುವ ಬದಲು ಅದನ್ನು ಬಲ್ಲವರನ್ನು ಕರೆಯಬಹುದು. ಅಂಗಳದಲ್ಲಿ ನಾಲ್ಕು ಹೂಗಿಡ ನೆಡಬಹುದು. ಅಷ್ಟರಿಂದ ಏನಾದೀತು ಎನ್ನುವವರಿಗೆ ಈ ಊರಿನ ಚರಿತ್ರೆಯಲ್ಲಿಯೇ ಉತ್ತರವಿದೆ. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆ ಬೇಡಿ ಕೂಡಿಸಿದ 'ಪೈಸಾ ಫಂಡ್'ನಿಂದ 1908ರಲ್ಲಿ ಈ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಒಂದು ಜೇನುನೊಣ ತನ್ನ ಬಾಳಿನಲ್ಲೆಲ್ಲ ದುಡಿದು ಕೂಡಿಸುವುದು ಚಹಾ ಚಮಚದ ಹನ್ನೆರಡನೆಯ ಒಂದು ಪಾಲು ತುಪ್ಪವಂತೆ. ಪೈಸೆಯಿಂದ ಕಾರ್ಖಾನೆಯಾಗುವುದನ್ನೂ, ಹನಿಯಿಂದ ಸೀಸೆ ತುಂಬುವುದನ್ನೂ ಕಂಡವರು ಸಣ್ಣದನ್ನು ಹಳಿಯಬಾರದು.

ನಮ್ಮ ಮನೆಯ ಸೀಸೆ ಇನ್ನೂ ಕಪಾಟಿನ ಮೇಲಿನ ಖಾನೆಯಲ್ಲಿಯೇ ಇದೆ. ಮುಚ್ಚಳದ ಮೇಣ ಒಡೆದಿಲ್ಲ. ಊರಿಗೆ ಹಿಂತಿರುಗುವ ಮುನ್ನ ತಾಯಿಯವರು ಅದರ ಮೇಲೆ ಒಂದು ಚೀಟಿ ಅಂಟಿಸಿ, ಮಗುವಿಗೆ ವರುಷ ತುಂಬುವ ತಿಥಿಯನ್ನು ತಮ್ಮ ಕೈಯಿಂದಲೇ ಬರೆದಿಟ್ಟು ಹೋಗಿದ್ದಾರೆ. "ಇದು ನಿನ್ನ ಬ್ಯಾಂಕಿನ ಠೇವಣಿ ಇದ್ದ ಹಾಗೆ, ಅವಧಿ ಮುಗಿಯುವವರೆಗೆ ಮುಟ್ಟಬೇಡ. ಆ ದಿನ ನಾನೇ ಬಂದು ಬಿಚ್ಚುತ್ತೇನೆ" ಎಂದಿದ್ದಾರೆ. ಬರುವ ಶ್ರಾವಣದಲ್ಲಿ ಅವರ ದಾರಿ ಕಾಯುತ್ತಿದ್ದೇವೆ.